ಇ ಇದ್ದಲ್ಲಿ ಡಿ ಬರೆದೆ: ಉದ್ಯಮಬಾಗದ ಒಂದು ಫೌಂಡ್ರಿಯ ಫೈಲ್ ಪರ್ಮಿಷನ್ ಪ್ರಕರಣ

ಮೇ ತಿಂಗಳ ಎರಡನೇ ವಾರ. ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯ ಕ್ವಾಲಿಟಿ ಸೂಪರ್‌ವೈಸರ್ ಮಾತಾಡುತ್ತಿದ್ದರು. "ಸರ, ಡ್ರಾಯಿಂಗ್ ಹೆಸರು ಕಾಣಾಕತ್ತೈತ್ರಿ. ತೆರಿಯಾಕ ಹೋದ್ರ ಪರ್ಮಿಷನ್ ಇಲ್ಲ ಅಂತೈತ್ರಿ. ಮಷಿನ್ ಮ್ಯಾಲೆ ಪೀಸ್ ಕುಂತೈತಿ."

ಆ ಫೌಂಡ್ರಿಯ ಕಂಪ್ಯೂಟರ್ ಕೆಲಸವನ್ನು ಕೆಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತೇನೆ. ಚಿಕ್ಕ ಕಾರ್ಖಾನೆ, ನಲವತ್ತು ಚಿಲ್ಲರೆ ಜನ. ಪಂಪ್ ಕೇಸಿಂಗ್, ವಾಲ್ವ್ ಬಾಡಿ ಇಂಥವನ್ನು ಎರಕ ಹೊಯ್ದು, ತಮ್ಮದೇ ಮಷಿನ್ ಶಾಪಿನಲ್ಲಿ ಕೊರೆದು ಗಿರಾಕಿಗೆ ಕಳಿಸುತ್ತಾರೆ. ಆಫೀಸಿನ ಮೂಲೆಯಲ್ಲಿ ಒಂದು ವಿಂಡೋಸ್ ಸರ್ವರ್ ಇದೆ. ಡ್ರಾಯಿಂಗ್, ಹಾಜರಿ, ಪಗಾರ, ಬಿಲ್ಲು ಎಲ್ಲವೂ ಅದರಲ್ಲೇ.

ಅಂದು ಹೋಗಿ ನೋಡಿದೆ, ಹತ್ತು ನಿಮಿಷದಲ್ಲಿ ಸರಿ ಮಾಡಿ ಬಂದೆ. ಆ ಸರಿ ಮಾಡಿದ್ದು ಸರಿಯಾಗಿರಲಿಲ್ಲ. ನಿಜವಾದ ಕಾರಣ ಸಿಗಲು ಜುಲೈ ಬರಬೇಕಾಯಿತು. ಅಷ್ಟರಲ್ಲಿ ಇದಕ್ಕಿಂತ ಬಹಳ ದೊಡ್ಡ ತಪ್ಪೊಂದು ಯಾರ ಕಣ್ಣಿಗೂ ಬೀಳದೆ ಎರಡು ತಿಂಗಳಿಗಿಂತ ಹೆಚ್ಚು ಕಾಲ ಅದೇ ಸರ್ವರ್‌ನಲ್ಲಿ ಕೂತಿತ್ತು. ಎರಡಕ್ಕೂ ಕಾರಣ ನಾನು ಬದಲಿಸಿದ ಒಂದೇ ಒಂದು ಅಕ್ಷರ. ಅದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಇಂಥ ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವ ಬೇರೆಯವರೂ ಇದೇ ಕೆಲಸ ಮಾಡಿರಬಹುದು, ಅಲ್ವಾ?

ಮೊದಲು ಹೇಗಿತ್ತು

ಹಳೆಯ ಸರ್ವರ್‌ನಲ್ಲಿ ಡೇಟಾಕ್ಕೆ ಎರಡು ಡಿಸ್ಕ್ ಇದ್ದವು. ಡಿ ಡ್ರೈವ್‌ನಲ್ಲಿ ಶಾಪಿನ ಸಾಮಾನು: ಶಾಪ್ ಡ್ರಾಯಿಂಗ್ ಫೋಲ್ಡರ್ ಮತ್ತು ಹಾಜರಿ ಫೋಲ್ಡರ್. ಇ ಡ್ರೈವ್‌ನಲ್ಲಿ ಆಫೀಸಿನ ಸಾಮಾನು: ಗಿರಾಕಿಯಿಂದ ಬಂದ ಡ್ರಾಯಿಂಗ್‌ಗಳ ಫೋಲ್ಡರ್, ಪಗಾರ ಫೋಲ್ಡರ್, ಜೊತೆಗೆ ರಜೆ ಅರ್ಜಿ, ನೋಟಿಸು ಇತ್ಯಾದಿ. ಎರಡೂ ಡ್ರೈವ್‌ಗಳು ಎರಡು ಬೇರೆ ಶೇರ್ (ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್) ಆಗಿ ಎಲ್ಲರ ಕಂಪ್ಯೂಟರಿಗೂ ಸಿಗುತ್ತಿದ್ದವು. ಶೇರ್ ಮಟ್ಟದಲ್ಲಿ ಬಾಗಿಲು ಅಗಲವಾಗಿಯೇ ಇತ್ತು. ಯಾರು ಏನು ನೋಡಬೇಕು ಅನ್ನುವುದನ್ನು ಒಳಗಿನ ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಪರ್ಮಿಷನ್‌ಗಳು ತೀರ್ಮಾನಿಸುತ್ತಿದ್ದವು. ನೆಟ್‌ವರ್ಕ್ ಮೂಲಕ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದೇ ಲಾಗು. ಹಾಗಾಗಿ ಈ ಏರ್ಪಾಡು ಸಾಮಾನ್ಯವಾಗಿ ಎಲ್ಲ ಕಡೆ ಇರುವಂಥದ್ದೇ.

ದಿನಾ ಎರಡು ಕಡೆ ಫೈಲ್ ಓಡಾಟ ಇತ್ತು. ಗಿರಾಕಿಯ ಡ್ರಾಯಿಂಗ್ ಮೊದಲು ಆಫೀಸಿನ ಫೋಲ್ಡರ್‌ಗೆ ಬರುತ್ತದೆ. ಅದನ್ನು ಮಾಲಕರು ಮತ್ತು ಡಿಸೈನ್ ಮೇಡಂ ಇಬ್ಬರೇ ನೋಡಬಹುದು, ಯಾಕೆಂದರೆ ರೇಟಿನ ಮಾತುಕತೆಯ ಕಾಗದವೂ ಅಲ್ಲೇ ಇರುತ್ತದೆ. ಮೇಡಂ ನೋಡಿ ಒಪ್ಪಿದ ಡ್ರಾಯಿಂಗ್ ಅನ್ನು "ಮಂಜೂರು" ಎಂಬ ಒಳ ಫೋಲ್ಡರ್‌ಗೆ ಹಾಕುತ್ತಾರೆ. ರಾತ್ರಿ ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಬರೆದಿಟ್ಟ ಚಿಕ್ಕ ಫೈಲ್) ಓಡಿ, ಅಲ್ಲಿದ್ದದ್ದನ್ನೆಲ್ಲ ಶಾಪ್ ಡ್ರಾಯಿಂಗ್ ಫೋಲ್ಡರ್‌ಗೆ ಸಾಗಿಸುತ್ತದೆ. ಶಾಪಿನ ಎಲ್ಲರಿಗೂ ಅಲ್ಲಿ ಓದುವ ಹಕ್ಕು ಇದೆ.

ಇನ್ನೊಂದು ಓಡಾಟ ಉಲ್ಟಾ ದಿಕ್ಕಿನದು. ಟೈಮ್ ಆಫೀಸಿನ ಹುಡುಗ ಹಾಜರಿ ಫೋಲ್ಡರ್‌ನಲ್ಲಿ ತಿಂಗಳ ಎಕ್ಸೆಲ್ ಶೀಟ್ ಹುಟ್ಟಿಸುತ್ತಾನೆ. ಸೂಪರ್‌ವೈಸರ್‌ಗಳು ತಮ್ಮ ತಮ್ಮ ಓವರ್‌ಟೈಮ್ ತುಂಬುತ್ತಾರೆ. ತಿಂಗಳು ಮುಗಿದ ಮೇಲೆ ಆ ಶೀಟನ್ನು ಇನ್ನೊಂದು ಬ್ಯಾಚ್ ಫೈಲ್ ಪಗಾರ ಫೋಲ್ಡರ್‌ಗೆ ಸಾಗಿಸುತ್ತದೆ. ಅಲ್ಲಿ ಅಕೌಂಟೆಂಟ್ ಅಕ್ಕ ಅದಕ್ಕೆ ಪಗಾರದ ದರ, ಕಡಿತ, ಬ್ಯಾಂಕ್ ಖಾತೆ ನಂಬರ್ ಸೇರಿಸುತ್ತಾರೆ. ಪಗಾರ ಫೋಲ್ಡರ್ ನೋಡಬಹುದಾದವರು ಅವರು ಮತ್ತು ಮಾಲಕರು ಮಾತ್ರ.

ಎರಡೂ ಬ್ಯಾಚ್ ಫೈಲ್ ಬರೆದದ್ದು ನಾನೇ. ಎರಡರಲ್ಲೂ ಇದ್ದದ್ದು ಸಾದಾ ಮೂವ್ ಕಮಾಂಡ್. ವರ್ಷಗಟ್ಟಲೆ ಒಂದು ದಿನವೂ ತಕರಾರು ಇರಲಿಲ್ಲ.

ಏಪ್ರಿಲ್ ಕೊನೆಗೆ ಒಂದು ಡಿಸ್ಕ್ ಸದ್ದು ಮಾಡಲು ಶುರು ಮಾಡಿತು. ಎರಡನ್ನೂ ತೆಗೆದು, ಒಂದೇ ದೊಡ್ಡ ಡಿಸ್ಕ್ ಹಾಕಿದೆ. ಎಲ್ಲ ಡೇಟಾವನ್ನು ರೋಬೋಕಾಪಿ ಎಂಬ ವಿಂಡೋಸ್ ಕಮಾಂಡ್‌ನಿಂದ, ಕಾಪಿಆಲ್ ಸ್ವಿಚ್ (ಕಮಾಂಡ್ ಜೊತೆ ಬರೆಯುವ ಸೂಚನೆ) ಹಾಕಿ ತಂದೆ. ಆ ಸ್ವಿಚ್ ಹಾಕಿದರೆ ಫೈಲ್ ಜೊತೆಗೆ ಪರ್ಮಿಷನ್, ಓನರ್, ಆಡಿಟ್ ಮಾಹಿತಿ ಎಲ್ಲವೂ ಹಾಗೇ ಬರುತ್ತವೆ. ಒಂದೊಂದೇ ಫೋಲ್ಡರ್ ತೆಗೆದು ಪರ್ಮಿಷನ್ ಹೊಂದಿಸಿ ನೋಡಿದೆ. ಎಲ್ಲ ಸರಿ ಇತ್ತು. ಈಗ ಇ ಡ್ರೈವ್ ಇರಲಿಲ್ಲ, ಡಿ ಡ್ರೈವ್‌ನಲ್ಲೇ ಶಾಪ್, ಆಫೀಸ್ ಎಂದು ಎರಡು ಫೋಲ್ಡರ್. ಶೇರ್‌ಗಳ ಹೆಸರು ಮೊದಲಿನದನ್ನೇ ಉಳಿಸಿದೆ. ಹಾಗಾಗಿ ಜನರಿಗೆ ಏನೂ ಗೊತ್ತಾಗಲಿಲ್ಲ. ಬ್ಯಾಚ್ ಫೈಲ್‌ಗಳಲ್ಲಿ ದಾರಿ ಬದಲಿಸಬೇಕಿತ್ತು. ಇ ಇದ್ದಲ್ಲಿ ಡಿ ಬರೆದೆ, ಫೋಲ್ಡರ್ ಹೆಸರು ಸೇರಿಸಿದೆ. ಮುಗಿಯಿತು ಅಂದುಕೊಂಡೆ.

ಮೂರು ಸಲ ಸರಿ ಮಾಡಿದ್ದು

ಮೇ ತಿಂಗಳ ಆ ಮೊದಲ ದೂರಿಗೆ ನಾನು ಮಾಡಿದ್ದು ಇಷ್ಟು. ಶಾಪ್ ಡ್ರಾಯಿಂಗ್ ಫೋಲ್ಡರ್‌ನ ಪರ್ಮಿಷನ್ ನೋಡಿದೆ, ಸರಿ ಇತ್ತು. ಆದರೂ ಅಡ್ವಾನ್ಸ್‌ಡ್ ಒಳಗೆ ಹೋಗಿ, ಒಳಗಿನ ಎಲ್ಲ ಫೈಲ್‌ಗಳಿಗೂ ಈ ಫೋಲ್ಡರ್‌ನ ಪರ್ಮಿಷನ್ ಹಚ್ಚು ಎಂಬ ಟಿಕ್ ಹಾಕಿ ಓಕೆ ಒತ್ತಿದೆ. ಡ್ರಾಯಿಂಗ್ ತೆರೆಯಿತು. ಡಿಸ್ಕ್ ಬದಲಿಸುವಾಗ ಯಾವುದೋ ಒಂದೆರಡು ಫೈಲ್ ತಪ್ಪಿ ಹೋಗಿರಬೇಕು ಎಂದು ಬಗೆದೆ.

ಜೂನ್‌ನಲ್ಲಿ ಮತ್ತೆ ಫೋನ್. ಮತ್ತೆ ಅದೇ ಟಿಕ್, ಮತ್ತೆ ತೆರೆಯಿತು. ಇಪ್ಪತ್ತು ದಿನ ಬಿಟ್ಟು ಮೂರನೇ ಸಲ. ಈ ಸಲ ದೂರದಿಂದಲೇ ಲಾಗಿನ್ ಆಗಿ ಟಿಕ್ ಹಾಕಿದೆ. ಈಗ ನೆನೆದರೆ ಬೇಸರವಾಗುತ್ತದೆ. ಒಂದೇ ರೋಗಕ್ಕೆ ಒಂದೇ ಗುಳಿಗೆಯನ್ನು ಮೂರು ಸಲ ಕೊಟ್ಟೆ, ರೋಗ ಯಾಕೆ ಮರಳಿ ಬರುತ್ತದೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಇನ್ನೊಂದು ವಿಷಯ ನನ್ನ ದಾರಿ ತಪ್ಪಿಸಿತು. ಎರಡನೇ ದೂರಿನ ದಿನ ಟಿಕ್ ಹಾಕುವ ಮೊದಲು, ತೆರೆಯದ ಒಂದು ಫೈಲ್ ಮೇಲೆ ಐಕ್ಯಾಕಲ್ಸ್ ಕಮಾಂಡ್ ಓಡಿಸಿ ನೋಡಿದ್ದೆ. ಅದು ಯಾರಿಗೆ ಯಾವ ಹಕ್ಕು ಇದೆ ಎಂದು ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಕಂಸದಲ್ಲಿ ಐ ಎಂಬ ಗುರುತು ಇತ್ತು. ಐ ಎಂದರೆ ಇನ್‌ಹೆರಿಟೆಡ್, ಮೇಲಿನ ಫೋಲ್ಡರ್‌ನಿಂದ ಬಂದದ್ದು. ಅಂದರೆ ಈ ಫೈಲ್ ತನ್ನ ಮೇಲಿನ ಫೋಲ್ಡರ್‌ನ ಮಾತು ಕೇಳುತ್ತಿದೆ, ಇದರಲ್ಲಿ ತಪ್ಪಿಲ್ಲ ಎಂದು ಓದಿಕೊಂಡೆ. ಹೆಸರುಗಳನ್ನು ಗಮನವಿಟ್ಟು ನೋಡಲಿಲ್ಲ. ನೋಡಿದ್ದರೆ ಅಲ್ಲಿ ಮಾಲಕರ ಹೆಸರು, ಡಿಸೈನ್ ಮೇಡಂ ಹೆಸರು ಬಿಟ್ಟರೆ ಶಾಪಿನ ಗ್ರೂಪ್ ಇರಲೇ ಇಲ್ಲ ಎಂಬುದು ಕಾಣುತ್ತಿತ್ತು. ಐ ಗುರುತು "ಇದು ಮೇಲಿನಿಂದ ಬಂತು" ಎಂದಷ್ಟೇ ಹೇಳುತ್ತದೆ. ಯಾವ ಮೇಲಿನಿಂದ, ಈಗಿನದೋ ಹಳೆಯದೋ ಎಂಬುದನ್ನು ಹೇಳುವುದಿಲ್ಲ.

ಜುಲೈನಲ್ಲಿ ನಾಲ್ಕನೇ ಸಲ ಫೋನ್ ಬಂದಾಗ ಜೋರು ಮಳೆ. ಆದರೂ ಮೂರನೇ ರೈಲ್ವೆ ಗೇಟ್ ದಾಟಿ ಕಾರ್ಖಾನೆಗೇ ಹೋದೆ. ಡಿಸೈನ್ ಮೇಡಂ ಒಂದು ಮಾತು ಹೇಳಿದರು. "ನಾ ಕೈಲೆ ಹಾಕಿದ್ದು ತೆರಿತೈತ್ರಿ ಸರ. ರಾತ್ರಿ ತಾನ ಹೋಗಿದ್ದು ಅಷ್ಟ ತೆರಿಯಂಗಿಲ್ರಿ. ನಾ ಆವಾಗಿಂದ ಹೇಳಬೇಕಂತಿದ್ದೆ."

ಕೇಸ್ ಬಿಡಿಸಿದ್ದು ಈ ಮಾತು. ಗಡಿಬಿಡಿ ಇದ್ದಾಗ ಮೇಡಂ ರಾತ್ರಿಯವರೆಗೆ ಕಾಯುತ್ತಿರಲಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಕಟ್ ಮಾಡಿ ಶಾಪ್ ಫೋಲ್ಡರ್‌ನಲ್ಲಿ ಪೇಸ್ಟ್ ಮಾಡುತ್ತಿದ್ದರು. ಹೊಸ ಡ್ರಾಯಿಂಗ್ ವಾರಕ್ಕೆ ನಾಲ್ಕೈದು ಬರುತ್ತವೆ, ಹೆಚ್ಚಿನವು ಹೀಗೇ ಹೋಗುತ್ತಿದ್ದವು. ಅದಕ್ಕೇ ದೂರು ದಿನಾ ಬರದೆ ಅಪರೂಪಕ್ಕೆ ಬರುತ್ತಿತ್ತು.

ಮನೆಯಲ್ಲಿ ಮಾಡಿದ ಪರೀಕ್ಷೆ

ಅಂದು ರಾತ್ರಿ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ತೆಗೆದೆ. ಅದರ ಡಿಸ್ಕಿನಲ್ಲಿ ಸಿ, ಡಿ ಎಂದು ಎರಡು ಪಾರ್ಟಿಷನ್ ಇವೆ. ಡಿ ಒಳಗೆ ಎರಡು ಫೋಲ್ಡರ್ ಮಾಡಿ, ಒಂದಕ್ಕೆ ಒಬ್ಬನ ಹೆಸರು, ಇನ್ನೊಂದಕ್ಕೆ ಮತ್ತೊಬ್ಬನ ಹೆಸರು ಮಾತ್ರ ಕೊಟ್ಟೆ. ಮೊದಲ ಫೋಲ್ಡರ್‌ನಲ್ಲಿ ಫೈಲ್‌ಗಳನ್ನು ಹುಟ್ಟಿಸಿ, ಬೇರೆ ಬೇರೆ ರೀತಿಯಲ್ಲಿ ಸಾಗಿಸುತ್ತ ಹೋದೆ. ಪ್ರತಿ ಸಲವೂ ಐಕ್ಯಾಕಲ್ಸ್ ಓಡಿಸಿ ಹೆಸರು ಬರೆದುಕೊಂಡೆ.

ಕಾಪಿ ಮಾಡಿದ ಫೈಲ್ ಪ್ರತಿ ಸಲವೂ ಹೊಸ ಫೋಲ್ಡರ್‌ನ ಪರ್ಮಿಷನ್ ಪಡೆಯಿತು. ಡಿ ಒಳಗೇ ಮೂವ್ ಮಾಡಿದ ಫೈಲ್ ಹಳೆಯ ಫೋಲ್ಡರ್‌ನ ಪರ್ಮಿಷನ್ ಅನ್ನೇ ಹೊತ್ತುಕೊಂಡು ಹೋಯಿತು, ಐ ಗುರುತಿನ ಸಮೇತ. ಅದೇ ಮೂವ್ ಕಮಾಂಡ್‌ನಿಂದ ಡಿ ಇಂದ ಸಿ ಕಡೆಗೆ ಕಳಿಸಿದ ಫೈಲ್ ಮಾತ್ರ ಕಾಪಿಯ ಹಾಗೆಯೇ ಹೊಸ ಫೋಲ್ಡರ್‌ನ ಪರ್ಮಿಷನ್ ಪಡೆಯಿತು. ಗಮನಿಸಿ, ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಮೇಲೆ ಇದ್ದವು. ಲೆಕ್ಕಕ್ಕೆ ಬರುವುದು ಡಿಸ್ಕ್ ಅಲ್ಲ, ವಾಲ್ಯೂಮ್, ಅಂದರೆ ಸಿ, ಡಿ ಎಂಬಂಥ ಒಂದೊಂದು ಡ್ರೈವ್.

ಯಾಕೆ ಹೀಗೆ? ನಮ್ಮ ಮನೆಗಳಲ್ಲಿ ಇದ್ದ ಬೀಗ ಹಾಕಿದ ಟ್ರಂಕು ನೆನೆಸಿಕೊಳ್ಳಿ. ಪಡಸಾಲೆಯಿಂದ ದೇವರ ಮನೆಗೆ ಟ್ರಂಕು ಎಳೆದರೆ ಬೀಗವೂ ಜೊತೆಗೇ ಹೋಗುತ್ತದೆ. ಕೋಣೆ ಬದಲಾಯಿತು, ಟ್ರಂಕು ಅದೇ, ಕೀಲಿಕೈ ಇದ್ದವರೂ ಅವರೇ. ಒಂದೇ ವಾಲ್ಯೂಮ್ ಒಳಗಿನ ಮೂವ್ ಇದೇ. ಅಲ್ಲಿ ಫೈಲ್‌ನ ಒಳಗಿನ ಡೇಟಾ ಒಂದು ಬೈಟ್ ಕೂಡ ಕದಲುವುದಿಲ್ಲ. ಯಾವ ಫೋಲ್ಡರ್‌ನ ಪಟ್ಟಿಯಲ್ಲಿ ಅದರ ಹೆಸರಿದೆ ಎಂಬುದಷ್ಟೇ ಬದಲಾಗುತ್ತದೆ. ಅದಕ್ಕೇ ಎರಡು ಜಿಬಿ ಫೈಲ್ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಮೂವ್ ಆಗುತ್ತದೆ. ಬೇರೆ ವಾಲ್ಯೂಮ್‌ಗೆ ಹೋಗಬೇಕೆಂದರೆ ಟ್ರಂಕು ಬಾಗಿಲಲ್ಲಿ ಹಿಡಿಯುವುದಿಲ್ಲ. ಅಲ್ಲಿ ಹೊಸ ಟ್ರಂಕು ತಯಾರಾಗುತ್ತದೆ, ಬಟ್ಟೆಬರೆ ಅದಕ್ಕೆ ತುಂಬುತ್ತಾರೆ, ಹಳೆಯದನ್ನು ಒಡೆಯುತ್ತಾರೆ. ಹೊಸ ಟ್ರಂಕಿಗೆ ಆ ಮನೆಯವರು ಕೊಟ್ಟ ಬೀಗ. ಹೆಸರು ಮೂವ್, ನಡೆಯುವುದು ಕಾಪಿ ಮತ್ತು ಡಿಲೀಟ್.

ಇದರ ಹಿಂದೆ ಇನ್ನೊಂದು ಮಾತಿದೆ, ಹೆಚ್ಚಿನ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ. ಫೈಲ್ ತೆರೆಯುವಾಗ ವಿಂಡೋಸ್ ಮೇಲಿನ ಫೋಲ್ಡರ್ ಹತ್ತಿರ ಹೋಗಿ "ಇವನಿಗೆ ಬಿಡಲೇ" ಎಂದು ಕೇಳುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಪರ್ಮಿಷನ್ ಪಟ್ಟಿ ಫೈಲ್‌ಗೇ ಅಂಟಿರುತ್ತದೆ. ಫೈಲ್ ಹುಟ್ಟಿದ ಗಳಿಗೆಯಲ್ಲಿ ಫೋಲ್ಡರ್‌ನ ಪಟ್ಟಿಯನ್ನು ನೋಡಿ ಬರೆದುಕೊಳ್ಳುತ್ತದೆ, ಅಷ್ಟೇ. ಆಮೇಲೆ ಯಾರಾದರೂ ಮೇಲಿನ ಫೋಲ್ಡರ್‌ನ ಪರ್ಮಿಷನ್ ಬದಲಿಸಿದರೆ, ವಿಂಡೋಸ್ ಆಗ ಕೆಳಗಿಳಿದು ಒಂದೊಂದು ಫೈಲ್‌ನ ಪಟ್ಟಿಯನ್ನೂ ತಿದ್ದುತ್ತದೆ. ಎನ್‌ಟಿಎಫ್‌ಎಸ್ ಬಂದದ್ದು 1993ರಲ್ಲಿ, ವಿಂಡೋಸ್ ಎನ್‌ಟಿ 3.1 ಜೊತೆಗೆ. ಹೀಗೆ ತಾನಾಗಿ ಕೆಳಗೆ ಹರಡುವ ಏರ್ಪಾಡು ಬಂದದ್ದು ವಿಂಡೋಸ್ 2000ದಲ್ಲಿ. ಆದರೆ ಮೂವ್ ಎಂಬುದು ಹುಟ್ಟೂ ಅಲ್ಲ, ಮೇಲಿನ ಫೋಲ್ಡರ್‌ನ ಬದಲಾವಣೆಯೂ ಅಲ್ಲ. ಹಾಗಾಗಿ ಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ.

ನನ್ನ ಟಿಕ್ ಯಾಕೆ ಪ್ರತಿ ಸಲ ಕೆಲಸ ಮಾಡಿತು ಎಂಬುದಕ್ಕೂ ಇದೇ ಉತ್ತರ. ಟಿಕ್ ಹಾಕಿದಾಗ ಅಂದಿನವರೆಗೆ ಬಂದ ಫೈಲ್‌ಗಳೆಲ್ಲ ತಿದ್ದಿಹೋದವು. ಮರುದಿನ ರಾತ್ರಿ ಬಂದ ಫೈಲ್ ಮತ್ತೆ ಹಳೆಯ ಬೀಗದ ಜೊತೆಗೇ ಬಂತು.

ಮೇಡಂ ಕೈಯಿಂದ ಹಾಕಿದ್ದು ಯಾಕೆ ತೆರೆಯುತ್ತಿತ್ತು? ಅವರ ಕಂಪ್ಯೂಟರಿನಲ್ಲಿ ಎರಡು ಶೇರ್‌ಗಳು ವೈ, ಝಡ್ ಎಂಬ ಎರಡು ಡ್ರೈವ್ ಆಗಿ ಕಾಣುತ್ತವೆ. ಸರ್ವರ್‌ನಲ್ಲಿ ಎರಡೂ ಒಂದೇ ವಾಲ್ಯೂಮ್ ಮೇಲೆ ಇವೆ ಎಂಬುದು ಅವರ ಕಂಪ್ಯೂಟರಿಗೆ ಗೊತ್ತಿಲ್ಲ. ಹೀಗಾಗಿ ಅದು ಕಾಪಿ ಮಾಡಿ ಡಿಲೀಟ್ ಮಾಡುತ್ತದೆ. ಬ್ಯಾಚ್ ಫೈಲ್ ಓಡುವುದು ಸರ್ವರ್ ಮೇಲೆಯೇ. ಅಲ್ಲಿ ಎರಡೂ ಡಿ. ಮೊದಲು ಇ ಇಂದ ಡಿ ಕಡೆಗೆ ಹೋಗುತ್ತಿದ್ದಾಗ ಅದು ಕಾಪಿ ಆಗಿತ್ತು. ನಾನು ಇ ಇದ್ದಲ್ಲಿ ಡಿ ಬರೆದ ದಿನದಿಂದ ಅದು ಟ್ರಂಕು ಎಳೆಯುವ ಕೆಲಸವಾಯಿತು. ಕಮಾಂಡ್ ಅದೇ, ಫೋಲ್ಡರ್ ಅದೇ, ಪರ್ಮಿಷನ್ ಅದೇ.

ಎಕ್ಸ್‌ಪ್ಲೋರರ್ ಕಿಟಕಿಯಲ್ಲಿ ಮೌಸ್‌ನಿಂದ ಎಳೆದು ಹಾಕುವುದನ್ನು ಈ ಪರೀಕ್ಷೆಯಿಂದ ಬೇಕೆಂದೇ ಹೊರಗಿಟ್ಟೆ. ಎಕ್ಸ್‌ಪ್ಲೋರರ್ ತನ್ನದೇ ಕೆಲವು ಕೆಲಸ ಸೇರಿಸುತ್ತದೆ. ಈ ವಿಷಯದಲ್ಲಿ ಅದರ ನಡತೆಯನ್ನು ಬದಲಿಸುವ ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕೋಶ) ಸೆಟ್ಟಿಂಗ್ ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ ಇತ್ತು. ನಿಮ್ಮ ಆಫೀಸಿನಲ್ಲಿ ಜನ ಎಳೆದು ಹಾಕುವುದೇ ಜಾಸ್ತಿ ಅಂದರೆ, ನಿಮ್ಮ ಸರ್ವರ್ ಮೇಲೆಯೇ ಪರೀಕ್ಷೆ ಮಾಡಿ ನೋಡಿ.

ಯಾರೂ ದೂರು ಕೊಡದ ಫೋಲ್ಡರ್

ರಾತ್ರಿ ಹನ್ನೊಂದೂವರೆ ಆಗಿತ್ತು. ಕಾರಣ ಸಿಕ್ಕಿತು ಎಂಬ ಸಮಾಧಾನದಲ್ಲಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಆಗ ಎರಡನೇ ಬ್ಯಾಚ್ ಫೈಲ್ ನೆನಪಾಯಿತು.

ಅದರಲ್ಲೂ ಇ ಇದ್ದಲ್ಲಿ ಡಿ ಬರೆದಿದ್ದೆ. ಅದರಲ್ಲೂ ಮೂವ್ ಕಮಾಂಡ್. ಆದರೆ ಅದು ಉಲ್ಟಾ ದಿಕ್ಕು. ಹಲವರು ತೆರೆಯಬಹುದಾದ ಹಾಜರಿ ಫೋಲ್ಡರ್‌ನಿಂದ, ಇಬ್ಬರೇ ನೋಡಬೇಕಾದ ಪಗಾರ ಫೋಲ್ಡರ್‌ಗೆ. ಡ್ರಾಯಿಂಗ್ ತನ್ನ ಬಿಗಿ ಬೀಗ ಹೊತ್ತು ತಂದಿದ್ದರೆ, ಪಗಾರದ ಶೀಟ್ ತನ್ನ ಸಡಿಲ ಬೀಗ ಹೊತ್ತು ತಂದಿರಬೇಕು.

ಆಗಲೇ ಲಾಗಿನ್ ಆದೆ. ಏಪ್ರಿಲ್, ಮೇ, ಜೂನ್, ಮೂರು ತಿಂಗಳ ಶೀಟ್. ಮೂರರ ಮೇಲೂ ಸೂಪರ್‌ವೈಸರ್ ಗ್ರೂಪಿಗೆ ಮಾಡಿಫೈ ಹಕ್ಕು. ಬರೀ ಓದುವುದಲ್ಲ, ತಿದ್ದುವ ಹಕ್ಕು ಕೂಡ.

ಪಗಾರ ಫೋಲ್ಡರ್ ಬಾಗಿಲು ಹಾಕಿದೆಯಲ್ಲ, ಒಳಗಿನ ಫೈಲ್ ಹೇಗಿದ್ದರೇನು ಎಂದು ನೀವು ಕೇಳಬಹುದು. ನನಗೂ ಮೊದಲು ಅದೇ ಸಮಾಧಾನ ಬಂತು. ಬೆಳಗ್ಗೆ ಕಾರ್ಖಾನೆಗೆ ಹೋಗಿ, ಅಲ್ಲಿ ನಾನೇ ಮಾಡಿಟ್ಟಿದ್ದ ಸೂಪರ್‌ವೈಸರ್ ಗ್ರೂಪಿನ ಪರೀಕ್ಷೆ ಖಾತೆಯಿಂದ ಕೂತೆ. ಪಗಾರ ಫೋಲ್ಡರ್ ಮೇಲೆ ಒತ್ತಿದೆ. ಪರ್ಮಿಷನ್ ಇಲ್ಲ ಎಂದಿತು. ಸರಿ. ಆಮೇಲೆ ರನ್ ಬಾಕ್ಸ್‌ನಲ್ಲಿ ಜೂನ್ ಶೀಟಿನ ಪೂರ್ತಿ ದಾರಿ ಟೈಪ್ ಮಾಡಿ ಎಂಟರ್ ಒತ್ತಿದೆ. ಎಕ್ಸೆಲ್ ತೆರೆಯಿತು. ನಲವತ್ತು ಚಿಲ್ಲರೆ ಜನರ ಹೆಸರು, ಪಗಾರ, ಬ್ಯಾಂಕ್ ಖಾತೆ, ಯಾರು ಎಷ್ಟು ಉಚಲು (ಮುಂಗಡ) ತಗೊಂಡಿದ್ದಾರೆ ಎಲ್ಲವೂ ಕಣ್ಣ ಮುಂದೆ.

ವಿಂಡೋಸ್‌ನಲ್ಲಿ ಬೈಪಾಸ್ ಟ್ರಾವರ್ಸ್ ಚೆಕಿಂಗ್ ಎಂಬ ಒಂದು ಹಕ್ಕು ಇದೆ. ದಾರಿಯಲ್ಲಿ ಬರುವ ಫೋಲ್ಡರ್‌ಗಳ ಬಾಗಿಲು ತಟ್ಟದೆ ಸೀದಾ ಫೈಲ್ ಹತ್ತಿರ ಹೋಗುವ ಹಕ್ಕು. ನಾವು ಬೇಕೆಂದು ತೆಗೆಯದ ಹೊರತು ಅದು ಎಲ್ಲರಿಗೂ ಇರುತ್ತದೆ. ಫೋಲ್ಡರ್ ಮುಚ್ಚಿದ್ದರೆ ಒಳಗೆ ಏನೇನಿದೆ ಎಂಬ ಪಟ್ಟಿ ಕಾಣುವುದಿಲ್ಲ. ಆದರೆ ಹೆಸರು ಗೊತ್ತಿದ್ದು, ಆ ಫೈಲ್‌ನ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ, ಫೈಲ್ ಸಿಗುತ್ತದೆ. ಇಲ್ಲಿ ಹೆಸರು ಊಹಿಸುವುದು ಕಷ್ಟವೇ ಅಲ್ಲ. ಶೀಟಿನ ಹೆಸರು ತಿಂಗಳು ಮತ್ತು ವರ್ಷ, ಅಷ್ಟೇ. ಹಾಜರಿ ಫೋಲ್ಡರ್‌ನಲ್ಲಿ ಇದ್ದಾಗಿನಿಂದ ಎಲ್ಲ ಸೂಪರ್‌ವೈಸರ್‌ಗಳಿಗೂ ಆ ಹೆಸರು ಬಾಯಿಪಾಠ.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ. ಹಕ್ಕು ಕಡಿಮೆ ಆದರೆ ಅರ್ಧ ಗಂಟೆಯಲ್ಲಿ ಫೋನ್ ಬರುತ್ತದೆ, ಯಾಕೆಂದರೆ ಮಷಿನ್ ನಿಲ್ಲುತ್ತದೆ. ಹಕ್ಕು ಹೆಚ್ಚಾದರೆ ಯಾರೂ ಫೋನ್ ಮಾಡುವುದಿಲ್ಲ. ಎರಡೂ ಒಂದೇ ದಿನ ಹುಟ್ಟಿದ ತಪ್ಪು. ಒಂದಕ್ಕೆ ನಾಲ್ಕು ದೂರು, ಇನ್ನೊಂದಕ್ಕೆ ಸೊನ್ನೆ. ಡ್ರಾಯಿಂಗ್ ಕೆಡದೆ ಇದ್ದಿದ್ದರೆ ಪಗಾರದ ಶೀಟುಗಳು ಇನ್ನೂ ಎಷ್ಟು ತಿಂಗಳು ಹಾಗೆ ಬಿದ್ದಿರುತ್ತಿದ್ದವೋ.

ಮಾಲಕರ ಹತ್ತಿರ ಹೋಗಿ ಕೂತು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾರರ ನೋಡ್ಯಾರೇನು ಅಂತ ಗೊತ್ತಾಗತೈತೇನ್ರಿ?" ಎಂದು ಕೇಳಿದರು.

"ಇಲ್ರಿ" ಎಂದೆ. ಫೈಲ್ ತೆರೆದವರ ದಾಖಲೆ ಬೇಕಿದ್ದರೆ ಆಡಿಟಿಂಗ್ ಮೊದಲೇ ಆನ್ ಆಗಿರಬೇಕು. ಆಗ ಸೆಕ್ಯುರಿಟಿ ಲಾಗ್‌ನಲ್ಲಿ 4663 ಎಂಬ ಈವೆಂಟ್ ನಂಬರಿನಲ್ಲಿ ಯಾರು, ಯಾವ ಫೈಲ್ ಎಂದು ಬರುತ್ತದೆ. ನಾವು ಆನ್ ಮಾಡಿರಲಿಲ್ಲ. ಹಿಂದಿನದನ್ನು ಈಗ ತೆಗೆಯಲು ಬರುವುದಿಲ್ಲ.

ತಿದ್ದಿದ್ದಾರೋ ಇಲ್ಲವೋ ಎಂಬುದನ್ನಾದರೂ ನೋಡಬಹುದಿತ್ತು. ಅಕೌಂಟೆಂಟ್ ಅಕ್ಕ ಮೂರು ತಿಂಗಳ ಶೀಟ್‌ಗಳನ್ನು ಬ್ಯಾಂಕಿಗೆ ಕಳಿಸಿದ ಪಟ್ಟಿಯ ಜೊತೆ ಸಾಲು ಸಾಲಾಗಿ ಹೊಂದಿಸಿದರು. ಅವರಿಗೆ ಒಂದೂವರೆ ದಿನ ಹಿಡಿಯಿತು. ಒಂದು ರೂಪಾಯಿಯೂ ವ್ಯತ್ಯಾಸ ಇರಲಿಲ್ಲ. ಮಾಲಕರು ಶನಿವಾರ ಶಿಫ್ಟ್ ಬದಲಾಗುವ ಹೊತ್ತಿಗೆ ಎಲ್ಲರನ್ನೂ ಸೇರಿಸಿ, ಇಂಥ ತಪ್ಪು ಆಗಿತ್ತು, ಈಗ ಮುಚ್ಚಿದ್ದೇವೆ, ನಿಮ್ಮ ಖಾತೆ ನಂಬರ್ ಅದರಲ್ಲಿತ್ತು ಎಂದು ತಿಳಿಸಿದರು. ಮುಚ್ಚಿಡೋಣ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಸರಿಪಡಿಸುವಾಗ

ಮುಚ್ಚುವ ಕೆಲಸ ಸುಲಭ ಎಂದು ಕಾಣುತ್ತದೆ. ಐಕ್ಯಾಕಲ್ಸ್‌ಗೆ ರೀಸೆಟ್ ಎಂಬ ಸ್ವಿಚ್ ಇದೆ. ಫೈಲ್‌ನ ಹಳೆಯ ಪಟ್ಟಿಯನ್ನು ಅಳಿಸಿ, ಈಗಿನ ಮೇಲಿನ ಫೋಲ್ಡರ್‌ನಿಂದ ಹೊಸ ಪಟ್ಟಿ ಬರೆಯುತ್ತದೆ. ಟಿ ಸ್ವಿಚ್ ಸೇರಿಸಿದರೆ ಒಳಗಿನ ಎಲ್ಲಕ್ಕೂ ಹಬ್ಬುತ್ತದೆ. ಆದರೆ ಇಲ್ಲಿ ಎರಡು ಗುಂಡಿ ಇವೆ, ಎರಡೂ ಆಳ.

ಮೊದಲನೆಯದು. ಕಮಾಂಡ್‌ನಲ್ಲಿ ಪಗಾರ ಫೋಲ್ಡರ್‌ನ ಹೆಸರನ್ನೇ ಕೊಟ್ಟು ರೀಸೆಟ್ ಮಾಡಿದರೆ, ಆ ಫೋಲ್ಡರ್ ಕೂಡ ರೀಸೆಟ್ ಆಗುತ್ತದೆ. ಪಗಾರ ಫೋಲ್ಡರ್ ಇಬ್ಬರಿಗೆ ಮಾತ್ರ ಎಂದಾದದ್ದೇ, ನಾವು ಅದರ ಇನ್‌ಹೆರಿಟೆನ್ಸ್ ಕಡಿದು ಬೇರೆ ಪಟ್ಟಿ ಬರೆದದ್ದರಿಂದ. ರೀಸೆಟ್ ಆದರೆ ಆ ಪಟ್ಟಿ ಹೋಗಿ, ಮೇಲಿನ ಆಫೀಸ್ ಫೋಲ್ಡರ್‌ನ ಅಗಲ ಬಾಗಿಲು ಇಲ್ಲಿಗೂ ಬರುತ್ತದೆ. ಸೋರುವ ಸೂರು ಮುಚ್ಚಲು ಹೋಗಿ ಗೋಡೆಯನ್ನೇ ಕೆಡವಿದ ಹಾಗೆ. ಫೋಲ್ಡರ್ ಹೆಸರಿನ ಮುಂದೆ ನಕ್ಷತ್ರದ ಚಿಹ್ನೆ ಹಾಕಿ, ಒಳಗಿನವುಗಳನ್ನು ಮಾತ್ರ ರೀಸೆಟ್ ಮಾಡಬೇಕು. ಒಳಗೆ ಬೇಕೆಂದೇ ಬೇರೆ ಪರ್ಮಿಷನ್ ಕೊಟ್ಟ ಫೋಲ್ಡರ್ ಇದ್ದರೆ ಅವೂ ಅಳಿದು ಹೋಗುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ನಾನು ರೀಸೆಟ್‌ಗೆ ಮೊದಲು ಐಕ್ಯಾಕಲ್ಸ್‌ನ ಸೇವ್ ಸ್ವಿಚ್‌ನಿಂದ ಇಡೀ ಆಫೀಸ್ ಫೋಲ್ಡರ್‌ನ ಪರ್ಮಿಷನ್‌ಗಳನ್ನು ಒಂದು ಫೈಲ್‌ನಲ್ಲಿ ಬರೆಸಿಟ್ಟೆ. ಕೈ ತಪ್ಪಿದರೆ ಅದರಿಂದ ರಿಸ್ಟೋರ್ ಮಾಡಬಹುದು.

ಎರಡನೆಯದು ಓನರ್. ರೀಸೆಟ್ ಆದ ಮೇಲೆ ಪಟ್ಟಿಯಲ್ಲಿ ಇಬ್ಬರದೇ ಹೆಸರು ಬಂತು. ಆದರೆ ಫೈಲ್‌ನ ಓನರ್ ಇನ್ನೂ ಟೈಮ್ ಆಫೀಸಿನ ಹುಡುಗ. ಶೀಟ್ ಹುಟ್ಟಿಸಿದವನು ಅವನೇ. ಮೂವ್ ಆದಾಗ ಓನರ್ ಕೂಡ ಬದಲಾಗಿರಲಿಲ್ಲ, ರೀಸೆಟ್ ಓನರ್ ಅನ್ನು ಮುಟ್ಟುವುದೂ ಇಲ್ಲ. ವಿಂಡೋಸ್‌ನಲ್ಲಿ ಓನರ್ ಆದವನು ಪಟ್ಟಿಯಲ್ಲಿ ಇಲ್ಲದಿದ್ದರೂ ಆ ಪಟ್ಟಿಯನ್ನು ಓದಬಹುದು, ತಿದ್ದಬಹುದು. ಅಂದರೆ ಬೇಕೆಂದರೆ ತನ್ನ ಹೆಸರನ್ನು ತಾನೇ ಮತ್ತೆ ಸೇರಿಸಿಕೊಳ್ಳಬಹುದು. ಆ ಹುಡುಗ ಹಾಗೆ ಮಾಡುವವನಲ್ಲ. ಆದರೂ ಒಬ್ಬರ ಒಳ್ಳೆಯತನದ ಮೇಲೆ ನಲವತ್ತು ಜನರ ಪಗಾರ ನಿಲ್ಲಬಾರದು. ಸೆಟ್‌ಓನರ್ ಸ್ವಿಚ್‌ನಿಂದ ಎಲ್ಲದರ ಓನರ್ ಅನ್ನು ಅಡ್ಮಿನಿಸ್ಟ್ರೇಟರ್ಸ್ ಗ್ರೂಪಿಗೆ ಬದಲಿಸಿದೆ.

ಮೂರನೆಯ ಕೆಲಸ ಬ್ಯಾಚ್ ಫೈಲ್. ಹೊಸ ಡಿಸ್ಕನ್ನು ಮತ್ತೆ ಡಿ, ಇ ಎಂದು ಎರಡು ಪಾರ್ಟಿಷನ್ ಮಾಡಿದರೆ ಹಳೆಯ ಬ್ಯಾಚ್ ಫೈಲ್ ಹಾಗೇ ನಡೆಯುತ್ತಿತ್ತು. ಆ ಯೋಚನೆಯೂ ಬಂತು, ಬಿಟ್ಟೆ. ಮೊದಲು ಸರಿ ಇದ್ದದ್ದು ಆಕಸ್ಮಿಕವಾಗಿ. ಅದೇ ಆಕಸ್ಮಿಕದ ಮೇಲೆ ಮತ್ತೆ ಮನೆ ಕಟ್ಟುವುದು ಬೇಡ ಅನಿಸಿತು. ಡ್ರಾಯಿಂಗ್ ಬ್ಯಾಚ್‌ನಲ್ಲಿ ಮೂವ್ ತೆಗೆದು ರೋಬೋಕಾಪಿಯ ಮೂವ್ ಸ್ವಿಚ್ ಹಾಕಿದೆ. ರೋಬೋಕಾಪಿ ಒಂದೇ ವಾಲ್ಯೂಮ್ ಇದ್ದರೂ ಕಾಪಿ ಮಾಡಿ, ಆಮೇಲೆ ಮೂಲ ಫೈಲ್ ಅಳಿಸುತ್ತದೆ. ಸೆಕ್ಯುರಿಟಿ ತಾ ಎಂದು ಹೇಳದಿದ್ದರೆ ಡೇಟಾ, ಅಟ್ರಿಬ್ಯೂಟ್, ಟೈಮ್ ಮೂರನ್ನೇ ತರುತ್ತದೆ. ಹೀಗಾಗಿ ಡ್ರಾಯಿಂಗ್‌ನ ತಾರೀಖು ಹಾಗೇ ಉಳಿಯುತ್ತದೆ, ಪರ್ಮಿಷನ್ ಮಾತ್ರ ಹೊಸ ಫೋಲ್ಡರ್‌ನದು. ಡಿಸ್ಕ್ ಬದಲಿಸುವಾಗ ಕಾಪಿಆಲ್ ಬೇಕಿತ್ತು, ಇಲ್ಲಿ ಅದೇ ಸ್ವಿಚ್ ಹಾಕಿದರೆ ಕೆಡುತ್ತದೆ. ಒಂದೇ ಹತಾರ, ಎರಡು ಕೆಲಸಕ್ಕೆ ಎರಡು ಹಿಡಿತ.

ಪಗಾರದ ಬ್ಯಾಚ್ ಫೈಲನ್ನು ತೆಗೆದೇ ಹಾಕಿದೆ. ಪಗಾರದ ಶೀಟ್ ಹಾಜರಿ ಫೋಲ್ಡರ್‌ನಲ್ಲಿ ಹುಟ್ಟುವುದೇ ತಪ್ಪು ಎಂದು ಅಕ್ಕನಿಗೂ ಅನಿಸಿತ್ತು. ಈಗ ಅವರು ಪಗಾರ ಫೋಲ್ಡರ್ ಒಳಗೇ ಹೊಸ ಶೀಟ್ ತೆಗೆದು, ಹಾಜರಿಯ ದಿನಗಳನ್ನು ಅದರೊಳಗೆ ಎಳೆದುಕೊಳ್ಳುತ್ತಾರೆ. ಶೀಟ್ ಹುಟ್ಟಿದಾಗಿನಿಂದಲೇ ಅದಕ್ಕೆ ಇಬ್ಬರ ಬೀಗ.

ಲಿನಕ್ಸ್ ಇದ್ದರೆ ಈ ತಾಪತ್ರಯ ಇಲ್ಲ ಎಂದು ನನ್ನ ಗೆಳೆಯರೊಬ್ಬರು ಹೇಳಿದರು. ಹಾಗೇನಿಲ್ಲ. ಅಲ್ಲಿಯೂ ಒಂದೇ ಫೈಲ್‌ಸಿಸ್ಟಮ್ ಒಳಗೆ ಮೂವ್ ಎಂದರೆ ಬರೀ ಹೆಸರು ಬದಲಿಸುವುದು. ಓನರ್, ಗ್ರೂಪ್, ಮೋಡ್ (ಯಾರಿಗೆ ಓದುವ, ಬರೆಯುವ ಹಕ್ಕು ಎಂಬ ಗುರುತು) ಎಲ್ಲ ಹಳೆಯದೇ ಉಳಿಯುತ್ತವೆ. ಹಂಚಿಕೊಳ್ಳುವ ಫೋಲ್ಡರ್‌ಗೆ ಸೆಟ್‌ಜಿಐಡಿ (ಫೋಲ್ಡರ್‌ನ ಗ್ರೂಪ್ ಅನ್ನೇ ಒಳಗಿನ ಫೈಲ್‌ಗೂ ಕೊಡುವ ಗುರುತು) ಹಾಕಿ, ಡಿಫಾಲ್ಟ್ ಎಸಿಎಲ್ (ಒಳಗಿನ ಫೈಲ್‌ಗೆ ಸಿಗಬೇಕಾದ ಪರ್ಮಿಷನ್ ಪಟ್ಟಿ) ಬರೆದು ನಿಶ್ಚಿಂತರಾಗಿರುವವರನ್ನು ನೋಡಿದ್ದೇನೆ. ಅವೆರಡೂ ಆ ಫೋಲ್ಡರ್‌ನಲ್ಲಿ ಹೊಸದಾಗಿ ಹುಟ್ಟುವ ಫೈಲ್‌ಗೆ ಮಾತ್ರ ಲಾಗು, ಹೊರಗಿನಿಂದ ಮೂವ್ ಆಗಿ ಬಂದ ಫೈಲ್‌ಗೆ ಅಲ್ಲ. ಇನ್ನೊಂದು ವ್ಯತ್ಯಾಸ ಇದೆ. ಲಿನಕ್ಸ್‌ನ ಎಂವಿ ಕಮಾಂಡ್ ಬೇರೆ ಫೈಲ್‌ಸಿಸ್ಟಮ್‌ಗೆ ಹೋಗುವಾಗಲೂ ಹಳೆಯ ಮೋಡ್, ಓನರ್ ಉಳಿಸಲು ಪ್ರಯತ್ನಿಸುತ್ತದೆ. ವಿಂಡೋಸ್‌ನಲ್ಲಿ ಕಲಿತ ಲೆಕ್ಕವನ್ನು ಅಲ್ಲಿ ಹಾಗೇ ಹಚ್ಚಿದರೆ ಎಡವುತ್ತೀರಿ.

ಆಗಸ್ಟ್ ಮೊದಲ ವಾರ, ಜುಲೈ ಪಗಾರದ ಶೀಟ್ ತಯಾರಾಗುವ ದಿನ ಕಾರ್ಖಾನೆಗೆ ಹೋದೆ. ಅಕ್ಕ ಶೀಟ್ ಮುಗಿಸಿದ ಮೇಲೆ ಐಕ್ಯಾಕಲ್ಸ್ ಓಡಿಸಿದೆ. ಎರಡೇ ಹೆಸರು. ಪರೀಕ್ಷೆ ಖಾತೆಯಿಂದ ಪೂರ್ತಿ ದಾರಿ ಟೈಪ್ ಮಾಡಿದೆ. ಪರ್ಮಿಷನ್ ಇಲ್ಲ ಎಂದಿತು. ಪಗಾರ ಫೋಲ್ಡರ್ ಮೇಲೆ ಆಡಿಟಿಂಗ್ ಆನ್ ಆಗಿತ್ತು, ನಾನು ಮಾಡಿದ ಪ್ರಯತ್ನವೂ ಲಾಗ್‌ನಲ್ಲಿ ಬಿದ್ದಿತ್ತು.

ಎದ್ದು ಹೊರಡುವಾಗ ಅಕ್ಕನ ಡ್ರಾಯರ್‌ನಲ್ಲಿ ತಿಂಗಳ ಬ್ಯಾಕಪ್ಪಿನ ಹಾರ್ಡ್‌ಡಿಸ್ಕ್ ಕಂಡಿತು. ತೆಗೆದು ನೋಡಿದೆ. ಅದು ಎನ್‌ಟಿಎಫ್‌ಎಸ್ ಅಲ್ಲ, ಎಕ್ಸ್‌ಫ್ಯಾಟ್. ಎಕ್ಸ್‌ಫ್ಯಾಟ್ ಆಗಲಿ ಫ್ಯಾಟ್32 ಆಗಲಿ, ವಿಂಡೋಸ್‌ನ ಈ ಪರ್ಮಿಷನ್ ಪಟ್ಟಿ ಬರೆದಿಡಲು ಅವುಗಳಲ್ಲಿ ಜಾಗವೇ ಇಲ್ಲ. ಯಾರ ಕಂಪ್ಯೂಟರಿಗೆ ಚುಚ್ಚಿದರೂ ಎಲ್ಲ ವರ್ಷದ ಪಗಾರ ತೆರೆಯುತ್ತದೆ. ಅಂದು ಸಂಜೆ ಏಳರವರೆಗೆ ಕೂತು, ಡೇಟಾ ಪಕ್ಕಕ್ಕಿಟ್ಟು, ಆ ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾಡಿ ಬಿಟ್‌ಲಾಕರ್ (ಇಡೀ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದೆ. ರಿಕವರಿ ಕೀ ಪ್ರಿಂಟ್ ತೆಗೆದು ಮಾಲಕರ ತಿಜೋರಿಯಲ್ಲಿ ಇಟ್ಟೆವು.